ಹೈಸ್ಕೂಲ್ ಬ್ಯಾಂಡಿನಲ್ಲಿ ಬಸೂನ್: ಮೈದಾನದ ತಿಂಗಳು, ಕುರ್ಚಿಯ ತಿಂಗಳು

ಅಮೆರಿಕದ ಹೈಸ್ಕೂಲಿನಲ್ಲಿ ಬ್ಯಾಂಡ್ ಸೇರಿದ ಮಗುವಿಗೆ ವರ್ಷದಲ್ಲಿ ಎರಡು ಸಂಸಾರ. ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ನಡೆಯುವ ಬ್ಯಾಂಡ್ ಕ್ಯಾಂಪಿನಿಂದ ನವೆಂಬರ್ ತನಕ ಫುಟ್‌ಬಾಲ್ ಮೈದಾನದಲ್ಲಿ ನಡೆಯುತ್ತಾ ನುಡಿಸುವ ಮಾರ್ಚಿಂಗ್ ಬ್ಯಾಂಡ್. ಅಲ್ಲಿಂದ ಶಾಲೆ ಮುಗಿಯುವ ತನಕ ಕೂತು ನುಡಿಸುವ ಕನ್ಸರ್ಟ್ ಬ್ಯಾಂಡ್. ಟ್ರಂಪೆಟ್, ಕ್ಲಾರಿನೆಟ್‌ನವರು ಎರಡಕ್ಕೂ ಅದೇ ವಾದ್ಯ ಹಿಡಿದು ಹೋಗುತ್ತಾರೆ. ಬಸೂನ್ ಎಂಬ ಉದ್ದನೆಯ ಮರದ ಊದುವಾದ್ಯದವರಿಗೆ ಹಾಗಾಗುವುದಿಲ್ಲ. ಡಲ್ಲಾಸ್‌ನಲ್ಲೋ ಎಡಿಸನ್‌ನಲ್ಲೋ ಇರುವ ಕನ್ನಡ ಮನೆಗೆ ಕ್ಯಾಂಪಿನ ಫಾರ್ಮ್ ಬಂದಾಗ ‘ಮಾರ್ಚಿಂಗ್ ವಾದ್ಯ ಯಾವುದು’ ಅನ್ನುವ ಒಂದು ಸಾಲಿನ ಮುಂದೆ ಅಪ್ಪ-ಅಮ್ಮ ಪೆನ್ನು ಹಿಡಿದು ಕೂರುವುದು ಇದಕ್ಕೇ. ಆ ಸಾಲಿಗೆ ಬರೆದದ್ದರ ಫಲ ಜನವರಿಯಲ್ಲಿ ಮಗುವಿನ ತುಟಿಯಲ್ಲಿ ಕಾಣುತ್ತದೆ.

ಬಸೂನನ್ನೇ ಹೊತ್ತು ಮಾರ್ಚ್ ಮಾಡಿದರೆ ಏನಾಗುತ್ತದೆ? ನಮ್ಮ ನಾಗಸ್ವರ, ಶಹನಾಯಿಗಳಂತೆ ಇದೂ ಜೋಡಿ ನಾಲಿಗೆಯ ವಾದ್ಯವೇ, ಮಂದ್ರದ ಕಡೆಯದು. ಓಲಗದವರು ಮೆರವಣಿಗೆಯಲ್ಲಿ ನಡೆಯುತ್ತಲೇ ಊದುತ್ತಾರಲ್ಲ ಅನ್ನಬಹುದು. ಆದರೆ ನಾಗಸ್ವರ ನೆಟ್ಟಗಿನ ಒಂದು ಕೊಳವೆ, ಅದರ ಭಾರ ಎರಡೂ ಕೈಗಳ ಮೇಲೆ. ಬಸೂನಿನದು ಮಡಚಿದ ಕೊಳವೆ, ನಿಲ್ಲಿಸಿದರೆ 1.34 ಮೀಟರ್ ಎತ್ತರ, ಬಿಡಿಸಿದರೆ ಸುಮಾರು ಎರಡೂವರೆ ಮೀಟರ್ ಉದ್ದ. ತೂಕ ಮೂರು ಕಿಲೋ ಮೇಲೆ. ಅದರ ಪಕ್ಕದಿಂದ ಕೊಕ್ಕರೆಯ ಕತ್ತಿನಂತೆ ಬಾಗಿದ ತೆಳು ಲೋಹದ ಕೊಳವೆ ಹೊರಟು ಬಾಯಿಗೆ ಬರುತ್ತದೆ. ಅದಕ್ಕೆ ಬೋಕಲ್ ಎಂದು ಹೆಸರು. ರೀಡ್, ಅಂದರೆ ನಾಲಿಗೆ, ಸಿಕ್ಕಿಸುವುದು ಅದರ ತುದಿಗೆ. ನಡೆಯುವಾಗ ಯಾರಾದರೂ ಎಡವಿ ಮೈಮೇಲೆ ಬಿದ್ದರೆ ಬೋಕಲ್ ನೇರ ಅಂಗುಳಕ್ಕೆ ಚುಚ್ಚುತ್ತದೆ. ಅಷ್ಟಾಗದಿದ್ದರೂ ಪ್ರತಿ ಹೆಜ್ಜೆಗೂ ರೀಡ್ ತುಟಿಯಲ್ಲಿ ಅಲುಗಾಡಿ ಸ್ವರ ನಡುಗುತ್ತದೆ. ವಾದ್ಯದ ಮೇಪಲ್ ಮರಕ್ಕೆ ಬಿಸಿಲೂ ಆಗದು, ಮಳೆಯೂ ಆಗದು. ಇಷ್ಟೆಲ್ಲ ಕಷ್ಟಪಟ್ಟು ಊದಿದರೂ ಹಿತ್ತಾಳೆ ವಾದ್ಯ, ಡ್ರಮ್ಮುಗಳ ನಡುವೆ ಗ್ಯಾಲರಿಗೆ ಒಂದಕ್ಷರ ಕೇಳಿಸುವುದಿಲ್ಲ. ಇಂಡಿಯಾನಾದ ಸೌತ್ ವಿಟ್ಲಿಯ ಫಾಕ್ಸ್ ಕಂಪನಿ ಪ್ಲಾಸ್ಟಿಕ್ ಬಸೂನನ್ನೂ ಮಾಡುತ್ತದೆ. ಹೊರಾಂಗಣದಲ್ಲಿ ಕೂತು ನುಡಿಸುವುದಕ್ಕೆ ಅದು ಒಳ್ಳೆಯದು. ಆದರೆ ಅಂಗುಳದ ಅಪಾಯ ಪ್ಲಾಸ್ಟಿಕ್ಕಿನಿಂದ ತಪ್ಪುವುದಿಲ್ಲ.

ಮೈದಾನಕ್ಕೆ ಯಾವ ವಾದ್ಯ

ಮೊದಲ ಆಯ್ಕೆ ಫ್ರಂಟ್ ಎನ್‌ಸೆಂಬಲ್. ಮಕ್ಕಳು ಇದನ್ನು ಪಿಟ್ ಅನ್ನುತ್ತಾರೆ. ಮೈದಾನದ ಮುಂದಿನ ಅಂಚಿನಲ್ಲಿ ನಿಂತ ಜಾಗದಲ್ಲೇ ಮರಿಂಬಾ, ವೈಬ್ರಫೋನ್, ಸಿಂಥಸೈಜರ್ ನುಡಿಸುವ ತಂಡ ಇದು. ಪಿಯಾನೋ ಕಲಿತ ಮಗುವಾದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಬರೆಯಿರಿ. ತುಟಿಗೆ ಕೆಲಸವಿಲ್ಲ, ಹಾಗಾಗಿ ಬಸೂನಿನ ಹಿಡಿತ ಕೆಡುವುದಿಲ್ಲ. ತಾಳದ ಲೆಕ್ಕ ಮಾತ್ರ ಗಟ್ಟಿಯಾಗುತ್ತದೆ. ‘ನಡೆಯೋದಿಲ್ಲವಲ್ಲ, ಆರಾಮ’ ಅಂದುಕೊಳ್ಳಬೇಡಿ. ಆ ಮರಿಂಬಾಗಳನ್ನು ಮೈದಾನಕ್ಕೆ ತಳ್ಳುವವರೂ ವಾಪಸು ತರುವವರೂ ಇವರೇ.

ಎರಡನೆಯದು ಸ್ಯಾಕ್ಸೊಫೋನ್. ರೀಡ್ ವಾದ್ಯವಾದ್ದರಿಂದ ಉಸಿರಿನ ಅಭ್ಯಾಸ ಉಳಿಯುತ್ತದೆ. ಬೆರಳು ಮಾತ್ರ ಮೊದಲ ಎರಡು ವಾರ ಮೋಸ ಮಾಡುತ್ತದೆ. ಎಡಗೈಯ ಮೂರು ಬೆರಳು ಮುಚ್ಚಿದರೆ ಬಸೂನಿನಲ್ಲಿ ಸಿ, ಸ್ಯಾಕ್ಸ್ ಬರಹದಲ್ಲಿ ಜಿ. ಆರೂ ಬೆರಳು ಮುಚ್ಚಿದರೆ ಇಲ್ಲಿ ಜಿ, ಅಲ್ಲಿ ಡಿ. ಬ್ಯಾರಿಟೋನ್ ಸ್ಯಾಕ್ಸ್ ಬಸೂನಿನ ಸ್ಥಾಯಿಗೆ ಹತ್ತಿರವೇನೋ ಹೌದು, ಆದರೆ ಅದರ ತೂಕ ಐದಾರು ಕಿಲೋ. ಒಂಬತ್ತನೇ ತರಗತಿಯ ಸಣಕಲು ಮೈಗೆ ಟೆನರ್ ಸಾಕು.

ಬ್ಯಾರಿಟೋನ್ ಸ್ಯಾಕ್ಸ್ ಹಿಡಿದವರಿಗೆ ಕ್ಲೆಫ್, ಅಂದರೆ ಯಾವ ಗೆರೆ ಯಾವ ಸ್ವರ ಎಂದು ಸಾಲಿನ ಮೊದಲಲ್ಲೇ ಹೇಳುವ ಗುರುತು, ನೆರವಿಗೆ ಬರುತ್ತದೆ. ಇದು ಇ ಫ್ಲಾಟ್ ವಾದ್ಯ, ಅದರ ಪಾರ್ಟ್ (ಆ ವಾದ್ಯದ ಸ್ವರಗಳ ಹಾಳೆ) ಬರೆಯುವುದು ಟ್ರೆಬಲ್ ಕ್ಲೆಫ್‌ನಲ್ಲಿ. ಅದೇ ಪಾರ್ಟನ್ನು ಬಸೂನಿಗೆ ಓದಬೇಕೆಂದರೆ ಟ್ರೆಬಲ್ ಕ್ಲೆಫ್ ಅಳಿಸಿ ಬೇಸ್ ಕ್ಲೆಫ್ ಇದೆ ಅಂದುಕೊಳ್ಳಿ, ಕ್ಲೆಫ್ ಪಕ್ಕದಲ್ಲಿರುವ ಶಾರ್ಪ್, ಫ್ಲಾಟ್ ಗುರುತುಗಳ ಗುಂಪಿಗೆ, ಅಂದರೆ ಕೀ ಸಿಗ್ನೇಚರ್‌ಗೆ, ಮೂರು ಫ್ಲಾಟ್ ಸೇರಿಸಿ. ಸ್ವರವೂ ಸ್ಥಾಯಿಯೂ ಸರಿಯಾಗಿ ಕೂರುತ್ತವೆ. ಟ್ರೆಬಲ್ ಕ್ಲೆಫ್‌ನ ಮೂರನೇ ಸಂದಿನ ಸಿ ಬ್ಯಾರಿಟೋನ್ ಸ್ಯಾಕ್ಸಿನಲ್ಲಿ ಕೇಳಿಸುವುದು ಇ ಫ್ಲಾಟ್ ಆಗಿ. ಬೇಸ್ ಕ್ಲೆಫ್‌ನ ಮೂರನೇ ಸಂದೂ ಇ ತಾನೇ, ಒಂದು ಫ್ಲಾಟ್ ಹಾಕಿದರೆ ಮುಗಿಯಿತು. ಪಾರ್ಟಿನ ಒಳಗೆ ಬರುವ ಶಾರ್ಪ್, ನ್ಯಾಚುರಲ್ ಗುರುತುಗಳನ್ನು ಮಾತ್ರ ಒಂದೊಂದಾಗಿ ನೋಡಬೇಕು. ಕನ್ಸರ್ಟ್ ಬ್ಯಾಂಡಿನಲ್ಲಿ ಬ್ಯಾರಿಟೋನ್ ಸ್ಯಾಕ್ಸಿನವರು ರಜೆ ಹಾಕಿದ ದಿನವೂ ಈ ವಿದ್ಯೆ ಉಪಯೋಗಕ್ಕೆ ಬರುತ್ತದೆ.

ಬೇಸ್ ಕ್ಲೆಫ್ ಓದಬಲ್ಲವರು ಎಂದು ಡೈರೆಕ್ಟರು ಕೆಲವೊಮ್ಮೆ ಬ್ಯಾರಿಟೋನ್ ಹಾರ್ನ್, ಟ್ರೊಂಬೋನ್, ಸೂಸಫೋನ್ ಕಡೆ ತಳ್ಳುತ್ತಾರೆ. ಓದುವುದಕ್ಕೆ ಅಡ್ಡಿಯಿಲ್ಲ. ಆದರೆ ಹಿತ್ತಾಳೆ ವಾದ್ಯದಲ್ಲಿ ತುಟಿಯನ್ನೇ ಬಿಗಿದು ನಡುಗಿಸಬೇಕು, ಬಸೂನಿನಲ್ಲಿ ತುಟಿ ಬರೀ ದಿಂಬು. ಮೂರು ತಿಂಗಳು ಬಿಗಿದ ತುಟಿ ರೀಡನ್ನು ಕಚ್ಚತೊಡಗುತ್ತದೆ. ಆಗುವುದೇ ಇಲ್ಲ ಅಂತಲ್ಲ; ಎರಡನ್ನೂ ನಿಭಾಯಿಸುವವರಿದ್ದಾರೆ. ಆದರೆ ಬೇರೆ ದಾರಿ ಇರುವಾಗ ನಾವು ಇದನ್ನು ಹೇಳುವುದಿಲ್ಲ. ಸಿಂಬಲ್ ಸಾಲು, ಬಾವುಟ ಬೀಸುವ ಕಲರ್ ಗಾರ್ಡ್ ಕೂಡ ಇವೆ. ಹಿರಿಯ ಮಕ್ಕಳಾದರೆ ಮೈದಾನದಲ್ಲಿ ಬ್ಯಾಂಡಿಗೆ ಕೈಯಿಂದ ತಾಳ ತೋರಿಸುವ ಡ್ರಮ್ ಮೇಜರ್ ಹುದ್ದೆಗೆ ಪ್ರಯತ್ನಿಸಬಹುದು.

ನಡೆಯುವ ವಾದ್ಯ ಆರಿಸಿಕೊಂಡವರು ಕ್ಯಾಂಪಿನ ಮುಂಚೆಯೇ ಒಂದು ಅಳತೆ ಕಾಲಿಗೆ ಕಲಿಸಬೇಕು. ಐದು ಗಜಕ್ಕೆ ಎಂಟು ಹೆಜ್ಜೆ, ಅಂದರೆ ಹೆಜ್ಜೆಗೆ 22.5 ಇಂಚು. ಮನೆ ಮುಂದಿನ ಕಾಲುದಾರಿಯಲ್ಲಿ 15 ಅಡಿ ದೂರಕ್ಕೆ ಎರಡು ಸೀಮೆಸುಣ್ಣದ ಗೆರೆ ಎಳೆದು, ಎಂಟನೇ ಎಣಿಕೆಗೆ ಎರಡನೇ ಗೆರೆ ಮೇಲೆ ಕಾಲು ಬೀಳುವ ತನಕ ನಡೆಯಲಿ. ಹಿಮ್ಮಡಿ ಮೊದಲು ಊರಿ, ಅಂಗಾಲು ಉರುಳಿಸಿ, ಬೆರಳತುದಿಯಿಂದ ಬಿಡಬೇಕು. ಹಾಗೆ ನಡೆದರೆ ಸೊಂಟದ ಮೇಲಿನ ಮೈ ಕುಲುಕುವುದಿಲ್ಲ. ಉಳಿದದ್ದನ್ನು ಕ್ಯಾಂಪಿನಲ್ಲೇ ಹೇಳಿಕೊಡುತ್ತಾರೆ.

ಬೇಸಿಗೆಯಿಂದ ನವೆಂಬರ್ ತನಕ ಬಸೂನ್ ಕಥೆ

ಬಹುಪಾಲು ಮಕ್ಕಳು ತಪ್ಪುವುದು ಇಲ್ಲೇ. ವಾದ್ಯ ಶಾಲೆಯ ಕಪಾಟಿನಲ್ಲಿ, ಮಗು ಮೈದಾನದಲ್ಲಿ, ನವೆಂಬರಿನಲ್ಲಿ ಪೆಟ್ಟಿಗೆ ತೆರೆದರೆ ರೀಡ್ ಮೇಲೆ ಬೂಸ್ಟು. ಶಾಲೆಯ ವಾದ್ಯವಾದರೆ ಬೇಸಿಗೆ ರಜೆಗೆ ಮುಂಚೆಯೇ ಎರವಲಿನ ಫಾರ್ಮ್ ತುಂಬಿ ಮನೆಗೆ ತನ್ನಿ.

ತಂದ ದಿನವೇ ಗಾಳಿ ಸೋರುತ್ತದೆಯೇ ನೋಡಬೇಕು. ವಿಂಗ್ ಜಾಯಿಂಟ್ ಎನ್ನುವ ತೆಳ್ಳನೆಯ ಭಾಗದ ರಂಧ್ರಗಳನ್ನೆಲ್ಲ ಬೆರಳಿಂದ ಮುಚ್ಚಿ, ಕೆಳಬಾಯಿಗೆ ಅಂಗೈ ಒತ್ತಿ, ಮೇಲಿನ ಬಾಯಿಂದ ಗಾಳಿ ಹೀರಿ. ಎರಡು ಮೂರು ಸೆಕೆಂಡ್ ಒಳಗೆ ಹಿಡಿದೆಳೆದಂತೆ ನಿಂತರೆ ಸರಿ. ಹೀರಿದಷ್ಟೂ ಗಾಳಿ ಬರುತ್ತಲೇ ಇದ್ದರೆ ರಂಧ್ರ ಮುಚ್ಚುವ ಯಾವುದೋ ಪ್ಯಾಡ್ ಸರಿಯಾಗಿ ಕೂರುತ್ತಿಲ್ಲ. ರಿಪೇರಿ ಆಗಬೇಕಾದ್ದು ಆಗಲೇ, ಸೆಪ್ಟೆಂಬರಿನಲ್ಲಲ್ಲ.

ಆಮೇಲೆ ವಾರಕ್ಕೆ ಮೂರು ಸಲ, 20 ನಿಮಿಷ. ಮೊದಲ ಐದು ನಿಮಿಷ ಬೋಕಲ್‌ಗೆ ರೀಡ್ ಸಿಕ್ಕಿಸಿ ಅಷ್ಟನ್ನೇ ಊದಲಿ. ಟ್ಯೂನರ್ ಎದುರಿಗಿರಲಿ, ಸ್ವರ ಸಿ ಹತ್ತಿರ ನಿಲ್ಲಬೇಕು. ತೀರಾ ಮೇಲೆ ಹೋದರೆ ಹಲ್ಲು ಬಿಗಿದಿದೆ ಎಂದರ್ಥ. ಮುಂದಿನ ಹತ್ತು ನಿಮಿಷ ಉದ್ದ ಸ್ವರ, ಸ್ಕೇಲ್. ಕೊನೆಯ ಐದು ನಿಮಿಷ ಹೆಬ್ಬೆರಳಿನ ಕೆಲಸಕ್ಕೆ. ಎಡ ಹೆಬ್ಬೆರಳಿಗೆ ಇರುವಷ್ಟು ಕೀಲಿ ಈ ಬ್ಯಾಂಡಿನಲ್ಲಿ ಬೇರೆ ಯಾರ ಹೆಬ್ಬೆರಳಿಗೂ ಇಲ್ಲ. ಇದೆಲ್ಲ ಮೈದಾನಕ್ಕೆ ಹೋಗುವ ಮುಂಚೆ ಮುಗಿಯಲಿ. ಮೂರು ಗಂಟೆ ಸ್ಯಾಕ್ಸ್ ಊದಿ ದಣಿದು ಬಂದ ತುಟಿಗೆ ಬಸೂನ್ ಕೊಟ್ಟರೆ ಅದು ಕಚ್ಚುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತದೆ.

ಆಗಸ್ಟಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವಾದ್ಯವನ್ನು ಹತ್ತು ನಿಮಿಷವೂ ಬಿಡಬೇಡಿ. ಮರ ಬಿರಿಯುವ ಮುಂಚೆ ಪ್ಯಾಡ್ ಕೂರಿಸಿದ ಅಂಟು ಕರಗುತ್ತದೆ.

ಹಳೆಯ ವಾದ್ಯ ಕೊಳ್ಳುವ ಯೋಚನೆ ಇದ್ದರೆ ಒಂದೇ ಎಚ್ಚರಿಕೆ: ಜರ್ಮನ್ ಪದ್ಧತಿಯದ್ದೇ, ಅಂದರೆ ಹೆಕೆಲ್ ಸಿಸ್ಟಂ, ಎಂದು ಖಾತ್ರಿ ಮಾಡಿಕೊಳ್ಳಿ. ಹೆಕೆಲ್ ಕಂಪನಿ ಶುರುವಾದದ್ದು 1831ರಲ್ಲಿ, ಜರ್ಮನಿಯ ಬೀಬ್ರಿಕ್‌ನಲ್ಲಿ. ಅಮೆರಿಕದ ಶಾಲೆಗಳಲ್ಲಿ ಕಲಿಸುವುದು ಆ ಬೆರಳಪಟ್ಟಿ. ಫ್ರೆಂಚ್ ಪದ್ಧತಿಯ ಬಸೂನ್ ಅಗ್ಗಕ್ಕೆ ಸಿಕ್ಕೀತು, ಆದರೆ ಅದರ ಬೆರಳಪಟ್ಟಿಯೇ ಬೇರೆ.

ರೀಡ್

ನಾಗಸ್ವರದ ಮೈಗೆ ದಾರದಲ್ಲಿ ಕಟ್ಟಿದ ನಾಲಿಗೆಗಳು ನೇತಾಡುವುದನ್ನು ಮದುವೆಮನೆಯಲ್ಲಿ ನೋಡಿದ್ದೀರಲ್ಲ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಅಂತ. ಬಸೂನಿಗೂ ಅದೇ ನಿಯಮ. ಪೆಟ್ಟಿಗೆಯಲ್ಲಿ ಯಾವಾಗಲೂ ನುಡಿಸಬಲ್ಲ ಮೂರು ರೀಡ್ ಇರಬೇಕು. ದಿನಕ್ಕೊಂದರಂತೆ ಸರದಿಯಲ್ಲಿ ನುಡಿಸಿದರೆ ಮೂರೂ ಹೆಚ್ಚು ಬಾಳುತ್ತವೆ. ಒಂದನ್ನೇ ಸಾಯುವ ತನಕ ಊದಿ, ಕನ್ಸರ್ಟಿನ ಹಿಂದಿನ ದಿನ ಹೊಸದು ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಹೊಸ ರೀಡ್ ಮೊದಲ ಕೆಲವು ದಿನ ಒಂದೊಂದು ದಿನ ಒಂದೊಂದು ಥರ ಇರುತ್ತದೆ. ಆ ಕೆಲವು ದಿನ ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಅದನ್ನು ಊದಬಾರದು.

ನೆನೆಸುವುದು ನೀರಲ್ಲಿ, ಬಾಯಲ್ಲಲ್ಲ. ಸಣ್ಣ ಡಬ್ಬಿಯಲ್ಲಿ ಉಗುರುಬೆಚ್ಚಗಿನ ನೀರು, ಮೂರರಿಂದ ಐದು ನಿಮಿಷ. ಕಡಿಮೆ ನೆಂದರೆ ಎರಡು ಅಲಗುಗಳ ಅಂಚು ಕೂಡಿಕೊಳ್ಳದೆ ಗಾಳಿ ಸೋರಿ ಸ್ವರ ಹುಟ್ಟುವುದೇ ತಡವಾಗುತ್ತದೆ. ಡಬ್ಬಿಯಲ್ಲೇ ಮರೆತರೆ ಕಡ್ಡಿ ನೀರು ಕುಡಿದು ಉಬ್ಬಿ, ಬಾಯಿ ಅಗಲವಾಗಿ, ಊದಲು ಭಾರವಾಗುತ್ತದೆ. ಎಂಜಲಿನಲ್ಲಿ ನೆನೆಸಿದ ರೀಡ್ ಬೇಗ ಹಾಳಾಗುತ್ತದೆ, ವಾಸನೆಯೂ ಬರುತ್ತದೆ. ನುಡಿಸಿ ಮುಗಿದ ಮೇಲೆ ಗಾಳಿಯಾಡುವ ರೀಡ್ ಡಬ್ಬಿಗೆ ಹಾಕಬೇಕು. ಕೊಂಡಾಗ ಬಂದ ಪ್ಲಾಸ್ಟಿಕ್ ಕೊಳವೆಯ ಮುಚ್ಚಳ ಬಿಗಿದಿಟ್ಟರೆ ಅದೇ ಬೂಸ್ಟಿನ ತೋಟ.

ನೆಂದ ರೀಡನ್ನು ವಾದ್ಯಕ್ಕೆ ಹಾಕುವ ಮುಂಚೆ ಹಾಗೇ ಊದಿ ಕೇಳಿ. ಕಾಗೆ ಕೂಗಿದಂತೆ ಹಲವು ಸ್ವರ ಒಟ್ಟಿಗೆ ಗರಗುಟ್ಟಿದರೆ ರೀಡ್ ಜೀವಂತವಿದೆ. ತೆಳ್ಳಗೆ ಒಂದೇ ಕೀಚಲು ಬಂದರೆ ಬಾಯಿ ಮುಚ್ಚಿಕೊಂಡಿದೆ. ಆಗ ರೀಡಿಗೆ ಸುತ್ತಿದ ಮೂರು ತಂತಿಗಳಲ್ಲಿ ತುದಿಗೆ ಹತ್ತಿರದ ಮೊದಲ ತಂತಿಯನ್ನು ಸಣ್ಣ ಇಕ್ಕಳದಿಂದ ಎರಡೂ ಪಕ್ಕಗಳಲ್ಲಿ ಮೆಲ್ಲಗೆ ಒತ್ತಿ, ಬಾಯಿ ತೆರೆಯುತ್ತದೆ. ಬಾಯಿ ತೀರಾ ತೆರೆದಿದ್ದರೆ ಅದೇ ತಂತಿಯನ್ನು ಮೇಲೂ ಕೆಳಗೂ ಹಿಡಿದು ಒತ್ತಿ. ಎರಡನೇ ತಂತಿ ಇದಕ್ಕೆ ತದ್ವಿರುದ್ಧ: ಪಕ್ಕದಲ್ಲಿ ಒತ್ತಿದರೆ ಬಾಯಿ ಮುಚ್ಚುತ್ತದೆ, ಮೇಲೆ ಕೆಳಗೆ ಒತ್ತಿದರೆ ತೆರೆಯುತ್ತದೆ. ಒಂದು ಸಲಕ್ಕೆ ಕೂದಲೆಳೆಯಷ್ಟು, ಮತ್ತೆ ಊದಿ ನೋಡಿ, ಮತ್ತೆ ಅಷ್ಟೇ. ಒಣಗಿದ ರೀಡಿನ ಮೇಲೆ ಇಕ್ಕಳ ಇಟ್ಟರೆ ಸೀಳುತ್ತದೆ.

ರಿಹರ್ಸಲ್ ದಿನ

ಬ್ಯಾಂಡ್ ಹಾಲಿಗೆ ಹತ್ತು ನಿಮಿಷ ಮುಂಚೆ ಹೋಗಬೇಕು. ಕೊಳಲಿನವರು ಒಂದು ನಿಮಿಷದಲ್ಲಿ ಜೋಡಿಸಿ ಕೂರುತ್ತಾರೆ, ಅವರನ್ನು ನೋಡಿ ಹೊರಡಬೇಡಿ. ಮೊದಲು ರೀಡ್ ನೀರಿಗೆ ಬಿಡಿ, ಅದು ನೆನೆಯುವಷ್ಟರಲ್ಲಿ ಉಳಿದದ್ದು ಆಗುತ್ತದೆ.

ದಪ್ಪನೆಯ ತಳದ ಭಾಗ ಬೂಟ್. ಅದರ ಮೇಲ್ಬಾಯಿಯಲ್ಲಿ ಎರಡು ತೂತು. ಚಿಕ್ಕದಕ್ಕೆ ವಿಂಗ್ ಜಾಯಿಂಟ್ ಮೊದಲು, ಅದರ ಒಳಬಾಗಿದ ಮೈ ದೊಡ್ಡ ತೂತಿನ ಕಡೆ ತಿರುಗಿರಬೇಕು. ಆಮೇಲೆ ಲಾಂಗ್ ಜಾಯಿಂಟ್, ಎರಡನ್ನೂ ಸೇರಿಸುವ ಬೀಗ ಇದ್ದರೆ ಹಾಕಿ. ಕೀಲಿಗಳ ಮೇಲೆ ಅಂಗೈ ಭಾರ ಬಿಡದೆ, ಕಾರ್ಕ್ ಬಿಗಿಯಾಗಿದ್ದರೆ ಗ್ರೀಸ್ ಸವರಿ, ಅತ್ತಿತ್ತ ಸ್ವಲ್ಪವೇ ತಿರುಗಿಸುತ್ತಾ ಇಳಿಸಬೇಕು. ಮೇಲಿನ ಬೆಲ್ ಕೂರಿಸುವಾಗ ಅದರ ಮೇಲಿರುವ ಪ್ಯಾಡನ್ನು ಒತ್ತಿ ಹಿಡಿಯಿರಿ. ಒತ್ತಿದರೆ ಕೊಂಡಿ ಮೇಲೇಳುತ್ತದೆ, ಒತ್ತದೆ ತುರುಕಿದರೆ ಕೊಂಡಿ ಬಾಗಿ ಕಡೆಯ ಮಂದ್ರ ಸ್ವರಗಳು ಸತ್ತೇ ಹೋಗುತ್ತವೆ. ಎಲ್ಲಕ್ಕಿಂತ ಕೊನೆಗೆ ಬೋಕಲ್. ಹಿಡಿಯುವುದು ಕಾರ್ಕ್‌ಗೆ ಹತ್ತಿರದ ದಪ್ಪ ಭಾಗವನ್ನು, ರೀಡ್ ತುದಿಯನ್ನಲ್ಲ. ಅದರ ಮೇಲೆ ಸೂಜಿಮೊನೆ ತೂತಿರುವ ಒಂದು ಚಿಕ್ಕ ಮೊಲೆ ಇರುತ್ತದೆ. ಎಡ ಹೆಬ್ಬೆರಳಿನಿಂದ ಒತ್ತುವ ವಿಸ್ಪರ್ ಕೀಲಿಯ ಪ್ಯಾಡ್ ಸರಿಯಾಗಿ ಅದರ ಮೇಲೆ ಬೀಳಬೇಕು.

ಕೂತು ನುಡಿಸುವಾಗ ಭಾರ ಹೊರುವುದು ಕುರ್ಚಿಯ ಮೇಲೆ ಅಡ್ಡಕ್ಕೆ ಹಾಸಿದ ಸೀಟ್ ಸ್ಟ್ರ್ಯಾಪ್. ಅದರ ಮೇಲೆ ಕೂತು, ಬಲಗಡೆ ಇಳಿಬಿದ್ದ ಕೊಕ್ಕೆಯನ್ನು ಬೂಟಿನ ತಳಕ್ಕೆ ಸಿಕ್ಕಿಸಿ, ಪಟ್ಟಿಯನ್ನು ಎಡಕ್ಕೆ ಎಳೆಯುತ್ತಾ ಎತ್ತರ ಹೊಂದಿಸಿ. ಎದುರು ನೋಡುತ್ತಾ ನೆಟ್ಟಗೆ ಕೂತಾಗ ರೀಡ್ ತಾನಾಗಿ ಬಾಯಿಗೆ ಬರಬೇಕು. ಕತ್ತು ಮುಂದೆ ಚಾಚಿದರೆ ಸ್ಟ್ರ್ಯಾಪ್ ಕೆಳಗಿದೆ, ಗಲ್ಲ ಎತ್ತಿದರೆ ಮೇಲಿದೆ. ಕೈನೋವು, ಬೆನ್ನುನೋವು ಅಂತ ಮಗು ಹೇಳಿದರೆ ಮೊದಲು ಇದನ್ನೇ ನೋಡಿ.

ಶ್ರುತಿ ಸೇರಿಸುವಾಗ ಬ್ಯಾಂಡು ಸಾಮಾನ್ಯವಾಗಿ ಬಿ ಫ್ಲಾಟ್ ಅಥವಾ ಎಫ್ ಹಿಡಿಯುತ್ತದೆ. ವಾದ್ಯ ತಣ್ಣಗಿದ್ದರೆ ಶ್ರುತಿ ಕೆಳಗಿರುತ್ತದೆ, ಐದು ನಿಮಿಷ ಊದಿ ಬೆಚ್ಚಗಾದ ಮೇಲೆ ನೋಡಿ. ಕ್ಲಾರಿನೆಟ್‌ನವರಂತೆ ಎಳೆದು ಸರಿಮಾಡಲು ಹೋಗಬೇಡಿ: ಬೋಕಲ್ ಕೆಲವೇ ಮಿಲಿಮೀಟರ್ ಹೊರಬಂದರೂ ವಿಸ್ಪರ್ ಪ್ಯಾಡ್ ಮೊಲೆಯಿಂದ ತಪ್ಪುತ್ತದೆ. ಯಾವಾಗಲೂ ಶ್ರುತಿ ಮೇಲೇ ಇದ್ದರೆ ಇನ್ನೂ ಉದ್ದದ ಬೋಕಲ್ ಬೇಕು. ಅದರ ಮೇಲೆ ಕೊರೆದ ಅಂಕಿ ದೊಡ್ಡದಾದಷ್ಟೂ ಕೊಳವೆ ಉದ್ದ, ಶ್ರುತಿ ಕೆಳಗೆ.

ನುಡಿಸಾಟದಲ್ಲಿ ಕೆಡುವುದು ಹೆಚ್ಚಾಗಿ ನಾಲ್ಕೈದು ಕಡೆ. ಬೇಸ್ ಕ್ಲೆಫ್‌ನ ಮೇಲಿನ ಗೆರೆಯ ಎ ಇಂದ ಮೇಲಣ ಸಿ ತನಕ ಸ್ವರದ ಆರಂಭ ಗೊರ್ ಎಂದು ಒಡೆದರೆ ‘ಫ್ಲಿಕ್’ ಆಗಿಲ್ಲ. ಎ ಹಿಡಿಯುವಾಗ ಹೈ ಎ ಕೀಲಿ, ಬಿ ಫ್ಲಾಟ್, ಬಿ, ಸಿ ಹಿಡಿಯುವಾಗ ಹೈ ಸಿ ಕೀಲಿ. ಎಡ ಹೆಬ್ಬೆರಳು ಚಿಟಿಕೆ ಹೊಡೆದಂತೆ ತಟ್ಟಿ ಬಿಡಬೇಕು. ಅದರ ಕೆಳಗಿನ ಎಫ್ ಶಾರ್ಪ್, ಜಿ, ಜಿ ಶಾರ್ಪ್ ಕೆಳಸ್ಥಾಯಿಗೆ ಜಾರಿದರೆ ಎಡಗೈ ತೋರುಬೆರಳಿನ ಅರ್ಧ ರಂಧ್ರ ಸರಿಯಿಲ್ಲ. ಬೆರಳು ಎತ್ತಬಾರದು, ಕೆಳಕ್ಕೆ ಹೊರಳಿಸಿ ಅರ್ಧ ತೆರೆಯಬೇಕು. ಮಂದ್ರದ ಭಾಗ ಸುಲಭವಾಗಲಿ ಎಂದು ವಿಸ್ಪರ್ ಬೀಗ ಹಾಕಿಕೊಂಡು, ಮೇಲೆ ಹೋಗುವಾಗ ತೆಗೆಯಲು ಮರೆಯುವುದು ಇನ್ನೊಂದು; ಪಾರ್ಟಿನಲ್ಲಿ ಬೀಗ ತೆಗೆಯುವ ಜಾಗಕ್ಕೆ ಪೆನ್ಸಿಲ್ ಸುತ್ತು ಹಾಕಿ. ಕೆಳಗಿನ ಸ್ವರ ಯಾವುದೂ ಬಾರದಿದ್ದರೆ ರೀಡನ್ನು ಬೈಯುವ ಮುಂಚೆ ಜಾಯಿಂಟ್‌ಗಳು ಪೂರ್ತಿ ಕೂತಿವೆಯೇ, ವಿಸ್ಪರ್ ಪ್ಯಾಡ್ ಮುಚ್ಚುತ್ತಿದೆಯೇ ನೋಡಿ. ಗುಳುಗುಳು ಸದ್ದು ಅಂದರೆ ನೀರು: ಬೋಕಲ್ ತೆಗೆದು, ದಪ್ಪ ತುದಿಯಿಂದ ಊದಿ ಹೊರಹಾಕಿ.

ಬ್ಯಾಂಡ್ ಪಾರ್ಟುಗಳಲ್ಲಿ ಬಸೂನ್ ಬಹಳಷ್ಟು ಹೊತ್ತು ಟ್ಯೂಬಾ, ಬೇಸ್ ಕ್ಲಾರಿನೆಟ್, ಬ್ಯಾರಿಟೋನ್ ಸ್ಯಾಕ್ಸ್ ಜೊತೆ ಅದೇ ಸಾಲನ್ನು ನುಡಿಸುತ್ತದೆ. ಡೈರೆಕ್ಟರು ಎಡಗೈ ಎತ್ತಿ ಇನ್ನೂ ಜೋರು ಎಂದಾಗ ಬಸೂನ್‌ನವರು ಅವರೊಂದಿಗೆ ಪೈಪೋಟಿಗೆ ಬಿದ್ದರೆ ನಾದ ಒಡೆದು ಶ್ರುತಿ ಓಲಾಡುತ್ತದೆ. ಅಲ್ಲಿ ಬಸೂನ್ ಕೊಡಬೇಕಾದ್ದು ಅಂಚು: ತುತ್ತುಕಾರ (ನಾಲಿಗೆಯಿಂದ ಸ್ವರ ಶುರುಮಾಡುವುದು) ಚುರುಕಾಗಿ, ಬಿಡಿ ಸ್ವರ ಗಿಡ್ಡವಾಗಿ. ಟ್ಯೂಬಾದ ಗುಂಗಿಗೆ ಅದರಿಂದ ಒಂದು ಗೆರೆ ಸಿಗುತ್ತದೆ. ಬಸೂನ್ ಒಂಟಿಯಾಗಿ ಬರುವ ನಾಲ್ಕು ಬಾರ್‌ಗಳಿಗೆ (ತಾಳದ ಆವರ್ತಗಳಿಗೆ) ದಮ್ಮು ಉಳಿಸಿಕೊಳ್ಳಿ. ಅದೇ ಸ್ವರಗಳು ಬೇರೆಯವರ ಪಾರ್ಟಿನಲ್ಲಿ ಸಣ್ಣಕ್ಷರದಲ್ಲಿ ಕ್ಯೂ ಎಂದು ಅಚ್ಚಾಗಿರುತ್ತವೆ. ಬಸೂನ್ ಇರುವಾಗ ಅವರು ನುಡಿಸುವುದು ಬೇಡ ಎಂದು ಡೈರೆಕ್ಟರಿಗೆ ಮೊದಲೇ ನೆನಪಿಸುವುದರಲ್ಲಿ ಸಂಕೋಚ ಬೇಡ. ಹಿಂದಿನ ಸಾಲಿನ ಟ್ರಂಪೆಟ್ ಬಾಯಿ ನೇರ ಕಿವಿಗಿದ್ದರೆ ಕಿವಿಗೆ ಪ್ಲಗ್ ಹಾಕಿಕೊಳ್ಳಿ, ಇಲ್ಲವೇ ಕುರ್ಚಿ ಎರಡು ಅಡಿ ಸರಿಸಲು ಕೇಳಿ.

ಮುಗಿದ ಮೇಲೆ

ಬೋಕಲ್ ಎಲ್ಲಕ್ಕಿಂತ ಮೊದಲು ಹೊರಗೆ. ಅದು ಸಿಕ್ಕಿಕೊಂಡಿರುವಾಗಲೇ ವಾದ್ಯ ಕುರ್ಚಿಗೆ ಒರಗಿಸಿ ನೀರು ಕುಡಿಯಲು ಹೋದವರ ಬೋಕಲ್ ಬಾಗುವುದು ನಾವು ಕಂಡಷ್ಟು ಸಾಮಾನ್ಯ ಅಪಘಾತ ಬೇರೆ ಇಲ್ಲ. ಬೂಟಿನ ತಳದಲ್ಲಿ ಕೊಳವೆ ತಿರುಗುವ ಕಡೆ ನೀರು ನಿಂತಿರುತ್ತದೆ. ಅದನ್ನು ಚಿಕ್ಕ ತೂತಿನ ಕಡೆಯಿಂದಲೇ ಬಗ್ಗಿಸಿ ಚೆಲ್ಲಿ. ಮರದ ವಾದ್ಯದಲ್ಲಿ ಆ ಕೊಳವೆಗೆ ಒಳಗೆ ರಬ್ಬರಿನ ಇಲ್ಲವೇ ಪ್ಲಾಸ್ಟಿಕ್ಕಿನ ಲೇಪವಿರುತ್ತದೆ, ದೊಡ್ಡದಕ್ಕೆ ಇರುವುದಿಲ್ಲ, ಅಲ್ಲಿ ನೀರು ಹರಿದರೆ ಮರ ಕೊಳೆಯುತ್ತದೆ. ಆಮೇಲೆ ಬೂಟಿಗೂ ವಿಂಗ್‌ಗೂ ರೇಷ್ಮೆ ಬಟ್ಟೆಯ ಸ್ವಾಬ್ ಒಂದೊಂದು ಸಲ ಎಳೆಯಿರಿ. ಗಂಟು ಬಿದ್ದ ಸ್ವಾಬನ್ನು ಎಳೆಯಲೇಬಾರದು. ಒಳಗೆ ಸಿಕ್ಕಿಕೊಂಡರೆ ಜಗ್ಗದೆ ರಿಪೇರಿಯವರ ಹತ್ತಿರ ಒಯ್ಯಿರಿ. ತಿಂಗಳಿಗೊಮ್ಮೆ ಬೋಕಲ್ ಒಳಗೆ ಉಗುರುಬೆಚ್ಚಗಿನ ನೀರು ಹರಿಸಿ, ಅದರದೇ ತೆಳು ಬ್ರಷ್ ಆಡಿಸಬೇಕು. ಮೊಲೆಯ ತೂತಿಗೆ ಸೂಜಿ ಚುಚ್ಚಬೇಡಿ, ಒಂದೆಳೆ ಮೀನಿನ ಗಾಳದ ದಾರ ತೂರಿಸಿದರೆ ಸಾಕು.